ಕ್ಲಬ್‌ನಲ್ಲಿ ಬೆಂಚ್, ದೇಶದ ತಂಡದಲ್ಲಿ ಮೊದಲ ಹೆಸರು: ಈ ಆಯ್ಕೆಯ ಲೆಕ್ಕಾಚಾರ ಏನು?

ಪ್ರಶ್ನೆ: ಫುಟ್‌ಬಾಲ್ ತಂಡ ಪ್ರಕಟವಾದಾಗಲೆಲ್ಲ ನಮ್ಮ ಗೆಳೆಯರ ನಡುವೆ ಜಗಳ ಶುರುವಾಗುತ್ತದೆ. ಕ್ಲಬ್‌ನಲ್ಲಿ ಗೋಲಿನ ಮೇಲೆ ಗೋಲು ಹೊಡೆಯುವವನನ್ನು ಬಿಡುತ್ತಾರೆ, ಕ್ಲಬ್‌ನಲ್ಲಿ ಬೆಂಚ್ ಕಾಯುವವನನ್ನು ಕರೆಯುತ್ತಾರೆ. ಕೇಳಿದರೆ 'ಅವನಿಗೆ ಅಂತಾರಾಷ್ಟ್ರೀಯ ಫಾರ್ಮ್ ಇದೆ', ಅಂದರೆ ಕ್ಲಬ್‌ನಲ್ಲಿ ಹೇಗಿದ್ದರೂ ದೇಶಕ್ಕೆ ಚೆನ್ನಾಗಿ ಆಡುತ್ತಾನೆ ಅನ್ನುತ್ತಾರೆ. ಅಂಥದ್ದೊಂದು ನಿಜವಾಗಲೂ ಇದೆಯಾ, ಅಥವಾ ಕೋಚ್ ತನ್ನ ನೆಚ್ಚಿನವರನ್ನು ಕಾಪಾಡಿಕೊಳ್ಳಲು ಹೇಳುವ ನೆಪವಾ?

ಉತ್ತರ: ಎರಡೂ ಇದೆ. ನೆಪವಾಗುವುದೂ ಉಂಟು, ಅದನ್ನು ಕೊನೆಗೆ ಹೇಳುತ್ತೇನೆ. ಆದರೆ ಜಾಸ್ತಿ ಸಲ ಅದು ನೆಪವಲ್ಲ. ಅಭಿಮಾನಿಗಳು 'ಯಾರು ಹೆಚ್ಚು ಒಳ್ಳೆಯ ಆಟಗಾರ' ಅಂತ ಕೇಳುತ್ತಾರೆ. ಕೋಚ್ ತಲೆಯಲ್ಲಿ ಓಡುತ್ತಿರುವ ಪ್ರಶ್ನೆ ಬೇರೆ: ನನ್ನ ಆಟದಲ್ಲಿ ಈ ಒಂದು ಕೆಲಸ ಇದೆ, ಇದನ್ನು ಯಾರು ಮಾಡುತ್ತಾರೆ? ಈ ಎರಡು ಪ್ರಶ್ನೆಗೆ ಒಂದೇ ಉತ್ತರ ಬರಬೇಕು ಅಂತೇನೂ ಇಲ್ಲ. ಬರದಿದ್ದಾಗ ಜಗಳ.

ಮೊದಲು ಸಮಯದ ವಿಷಯ ನೋಡಿ. ಕ್ಲಬ್ ಕೋಚ್‌ಗೆ ಆಟಗಾರರು ಸೀಸನ್ ಪೂರ್ತಿ ಹೆಚ್ಚುಕಡಿಮೆ ದಿನಾ ಸಿಗುತ್ತಾರೆ. ದೇಶದ ಕೋಚ್‌ಗೆ ವರ್ಷಕ್ಕೆ ನಾಲ್ಕೈದು ಸಲ, ಒಂದೊಂದು ಸಲ ಸುಮಾರು ಹತ್ತು ದಿನ. ಅದೂ ಪೂರ್ತಿ ಹತ್ತು ದಿನ ಅಂದುಕೊಳ್ಳಬೇಡಿ. ಭಾನುವಾರ ರಾತ್ರಿ ಕ್ಲಬ್‌ಗೆ ಆಡಿದವನು ಸೋಮವಾರ ಬಂದು ಸೇರುತ್ತಾನೆ, ಅವತ್ತು ಅವನಿಗೆ ಮಸಾಜ್, ಸೈಕಲ್, ವಿಶ್ರಾಂತಿ ಅಷ್ಟೇ. ಮಂಗಳವಾರವೂ ಕಾಲು ಭಾರ. ಗುರುವಾರವೋ ಶುಕ್ರವಾರವೋ ಪಂದ್ಯ. ಅಂದರೆ ಪೂರ್ತಿ ತಂಡ ಒಟ್ಟಿಗೆ ನಿಂತು ಅಭ್ಯಾಸ ಮಾಡುವುದು ಒಂದೋ ಎರಡೋ ದಿನ. ಇಷ್ಟರಲ್ಲಿ ಹೊಸಬನಿಗೆ ಹೊಸ ಕೆಲಸ ಕಲಿಸಲು ಎಲ್ಲಿ ಆಗುತ್ತದೆ? ಕೋಚ್‌ಗೆ ಬೇಕಾಗಿರುವುದು ಆ ಕೆಲಸವನ್ನು ಈಗಾಗಲೇ ಬಲ್ಲವನು. ಒಂದೇ ಜಾಗಕ್ಕೆ ಹತ್ತು ಪಂದ್ಯ ಆಡಿ ಪಕ್ಕದವನ ಚಲನೆ ಗೊತ್ತಿರುವವನು ಸಿಕ್ಕರೆ, ಅವನು ಕ್ಲಬ್‌ನಲ್ಲಿ ನಾಲ್ಕು ವಾರ ಬೆಂಚ್‌ನಲ್ಲಿದ್ದರೂ ಕೋಚ್ ಅವನನ್ನೇ ಕರೆಯುತ್ತಾರೆ.

ಇದಕ್ಕೆ ತೀರಾ ವಿಚಿತ್ರವಾದ ಉದಾಹರಣೆ ಫ್ರಾನ್ಸ್. 2018ರ ವಿಶ್ವಕಪ್‌ನಲ್ಲಿ ಒಲಿವಿಯೆ ಜಿರೂ 7 ಪಂದ್ಯಗಳಲ್ಲೂ ಆಡಿದ. ಸ್ಟ್ರೈಕರ್. ಅವನ ಒಂದೇ ಒಂದು ಹೊಡೆತ ಕೂಡ ಗುರಿಯ ಮೇಲೆ ಹೋಗಲಿಲ್ಲ, ಗೋಲಿನ ಮಾತು ಬಿಡಿ. ಫ್ರಾನ್ಸ್ ಕಪ್ ಗೆದ್ದಿತು. ಆ ದಿನಗಳಲ್ಲಿ ಅವನನ್ನು ಬೈದವರಿಗೆ ಲೆಕ್ಕವಿಲ್ಲ. ಆದರೆ ಮೊದಲ ಪಂದ್ಯ ನೆನಪು ಮಾಡಿಕೊಳ್ಳಿ. ಆಸ್ಟ್ರೇಲಿಯಾ ವಿರುದ್ಧ ಎಂಬಾಪೆ, ಗ್ರೀಸ್‌ಮನ್, ಡೆಂಬೆಲೆ, ಮೂವರೂ ಚುರುಕು ಕಾಲಿನವರು ಮುಂದೆ ನಿಂತರು, ಆಟ ಮಾತ್ರ ಸಿಕ್ಕಿಹಾಕಿಕೊಂಡಿತು. ಮುಂದೆ ಚೆಂಡನ್ನು ಹಿಡಿದು ನಿಲ್ಲುವವರೇ ಇಲ್ಲ. ಎರಡನೇ ಅರ್ಧದಲ್ಲಿ ಜಿರೂ ಬದಲಿಯಾಗಿ ಬಂದ. ಕೊನೆಗೆ ಗೆಲುವಿನ ಗೋಲು ಬಂದದ್ದು ಹೇಗೆ? ಪೊಗ್ಬಾ ಓಡುತ್ತಾ ಜಿರೂಗೆ ಕೊಟ್ಟ, ಬೆನ್ನಿಗೆ ಡಿಫೆಂಡರ್ ಅಂಟಿಕೊಂಡಿದ್ದರೂ ಜಿರೂ ಒಂದೇ ಸ್ಪರ್ಶದಲ್ಲಿ ವಾಪಸ್ ಕೊಟ್ಟ, ಪೊಗ್ಬಾ ಹೊಡೆದದ್ದು ಎದುರಾಳಿಗೆ ತಗುಲಿ ಮೇಲಿನ ಕಂಬಿಗೆ ಬಡಿದು ಒಳಗೆ ಬಿತ್ತು. ಮುಂದಿನ ಆರೂ ಪಂದ್ಯಗಳಲ್ಲಿ ಜಿರೂ ಆರಂಭದಿಂದಲೇ ಆಡಿದ. ಎಂಬಾಪೆ 4 ಗೋಲು, ಗ್ರೀಸ್‌ಮನ್ 4 ಗೋಲು. ಅವರಿಗೆ ಓಡಲು ಜಾಗ ಮಾಡಿಕೊಟ್ಟವನ ಖಾತೆಯಲ್ಲಿ ಸೊನ್ನೆ. ತಮಾಷೆ ಅಂದರೆ 1998ರಲ್ಲೂ ಇದೇ ಕಥೆ. ಆ ಸೀಸನ್‌ನಲ್ಲಿ ಫ್ರೆಂಚ್ ಲೀಗ್‌ನಲ್ಲೇ ಅತಿ ಹೆಚ್ಚು ಗೋಲು ಹೊಡೆದಿದ್ದ ಸ್ಟೆಫಾನ್ ಗಿವಾರ್ಷ್ ವಿಶ್ವಕಪ್‌ನಲ್ಲಿ ಒಂದೂ ಹೊಡೆಯಲಿಲ್ಲ, ಫೈನಲ್‌ನಲ್ಲೂ ಅವನೇ ಮೊದಲಿಗೆ ಆಡಿದ, ತಂಡ ಗೆದ್ದಿತು.

ಹಾಗಾದರೆ ಕೆಲಸ ನೋಡಿ ಆರಿಸುವುದು ಅಂದರೆ ಏನು ಅಂತ ಸ್ಪಷ್ಟವಾಗಿ ನೋಡಬೇಕಾದರೆ ಜರ್ಮನಿಯ 2024ರ ತಂಡಕ್ಕಿಂತ ಒಳ್ಳೆಯ ಪಾಠ ಇಲ್ಲ. 2023ರ ನವೆಂಬರ್‌ನಲ್ಲಿ ಜರ್ಮನಿ ಟರ್ಕಿಗೆ 3-2ರಿಂದ, ಆಸ್ಟ್ರಿಯಾಗೆ 2-0ಯಿಂದ ಸೋತಿತು. ಟರ್ಕಿ ಪಂದ್ಯದಲ್ಲಿ ಕೋಚ್ ಯೂಲಿಯನ್ ನಾಗೆಲ್ಸ್‌ಮನ್ ಅವರು ಕೈ ಹವರ್ಟ್ಸ್‌ನನ್ನು ಎಡ ಭಾಗದ ಡಿಫೆಂಡರ್ ಜಾಗದಲ್ಲಿ ಆಡಿಸಿದರು, ಮುಂದೆ ಆಡುವ ಹುಡುಗನನ್ನು! ಹೆಸರುಗಳೇನೋ ದೊಡ್ಡವೇ, ಕೆಲಸ ಮಾತ್ರ ಹಂಚಿಕೆಯಾಗಿರಲಿಲ್ಲ. ಮಾರ್ಚ್‌ನಲ್ಲಿ ಅವರು ತಂಡವನ್ನೇ ಬದಲಿಸಿದರು. ನಿವೃತ್ತಿ ಹೇಳಿ ಹೋಗಿದ್ದ ಟೋನಿ ಕ್ರೂಸ್ ವಾಪಸ್ ಬಂದ. ಕ್ರೂಸ್ ಚೆಂಡು ಹಂಚುತ್ತಾನೆ, ಓಡಿ ಅಡ್ಡ ಹಾಕುವ ಕೆಲಸಕ್ಕೆ ಪಕ್ಕದಲ್ಲಿ ಒಬ್ಬ ಕಾವಲುಗಾರ ಬೇಕು. ಅದಕ್ಕೆ ಲೆವರ್ಕುಸೆನ್‌ನ ರಾಬರ್ಟ್ ಆಂಡ್ರಿಚ್. ಎಡ ಭಾಗಕ್ಕೆ ಸ್ಟುಟ್‌ಗಾರ್ಟ್‌ನ ಮ್ಯಾಕ್ಸಿಮಿಲಿಯನ್ ಮಿಟೆಲ್‌ಸ್ಟಾಟ್, ಅಲ್ಲಿಯವರೆಗೆ ದೇಶಕ್ಕೆ ಒಂದು ಪಂದ್ಯವನ್ನೂ ಆಡಿರದವನು. ಹವರ್ಟ್ಸ್ ಮುಂದಕ್ಕೆ ಹೋದ. ಬದಲಿಯಾಗಿ ಬಂದು ಪೆನಾಲ್ಟಿ ಪ್ರದೇಶದಲ್ಲಿ ತಲೆಯಿಂದ ಚೆಂಡು ಹೊಡೆಯಲು ಸ್ಟ್ರೈಕರ್ ಫುಲ್‌ಕ್ರುಗ್. ಫ್ರಾನ್ಸ್ ವಿರುದ್ಧ 2-0, ನೆದರ್ಲೆಂಡ್ಸ್ ವಿರುದ್ಧ 2-1 ಗೆಲುವು.

ಆಮೇಲೆ ಯೂರೋ, ಅಂದರೆ ಯುರೋಪಿನ ದೇಶಗಳ ಟೂರ್ನಿಗೆ ತಂಡ ಪ್ರಕಟವಾದಾಗ ಮ್ಯಾಟ್ಸ್ ಹಮ್ಮೆಲ್ಸ್ ಇಲ್ಲ, ಲಿಯೋನ್ ಗೊರೆಟ್ಸ್ಕಾ ಇಲ್ಲ. ಹಮ್ಮೆಲ್ಸ್ ಅದೇ ತಿಂಗಳು ಡಾರ್ಟ್‌ಮುಂಡ್ ತಂಡವನ್ನು ಚಾಂಪಿಯನ್ಸ್ ಲೀಗ್ ಫೈನಲ್‌ಗೆ ಮುಟ್ಟಿಸಿದ್ದ. ಫಾರ್ಮ್ ಅಂದರೆ ಅದೇ ಅಲ್ವಾ? ಆದರೆ ಅವನು ಆಡುವ ಡಿಫೆನ್ಸ್‌ನ ಮಧ್ಯದಲ್ಲಿ ರುಡಿಗರ್ ಮತ್ತು ಜೊನಾಥನ್ ಟಾ ಜೋಡಿ ಗಟ್ಟಿಯಾಗಿತ್ತು. ಉಳಿದ ಜಾಗಕ್ಕೆ ಬೇಕಿದ್ದದ್ದು ಬೆಂಚ್‌ನಲ್ಲಿ ಸುಮ್ಮನೆ ಕೂತು, ಕರೆದಾಗ ಹೋಗುವವನು. ಗೊರೆಟ್ಸ್ಕಾ ಮುಂದಕ್ಕೆ ನುಗ್ಗುವ ಆಟಗಾರ, ಕ್ರೂಸ್ ಪಕ್ಕದ ಕಾವಲಿಗೆ ಅವನಿಗಿಂತ ಆಂಡ್ರಿಚ್ ಸರಿ. ನನ್ನ ಪ್ರಕಾರ ಇತ್ತೀಚಿನ ಆಯ್ಕೆಗಳಲ್ಲಿ ಇದು ತುಂಬಾ ಪ್ರಾಮಾಣಿಕವಾದದ್ದು. ಕ್ವಾರ್ಟರ್ ಫೈನಲ್‌ನಲ್ಲಿ ಸ್ಪೇನ್ ವಿರುದ್ಧ 119ನೇ ನಿಮಿಷದಲ್ಲಿ ಮೆರಿನೊ ಹೊಡೆದ ಗೋಲಿಗೆ ಸೋತರು, ಹಾಗಂತ ಆಯ್ಕೆ ತಪ್ಪು ಅಂತ ನಾನು ಹೇಳುವುದಿಲ್ಲ.

ಈಗ ನಿಮ್ಮ ಪ್ರಶ್ನೆಯ ಮುಖ್ಯ ಭಾಗ. ಕ್ಲಬ್‌ನಲ್ಲಿ ಬೆಂಚ್ ಕಾಯುವವನು ದೇಶಕ್ಕೆ ಹೇಗೆ ಮಿಂಚುತ್ತಾನೆ? ಕೊಲಂಬಿಯಾದ ಹಾಮೆಸ್ ರೊಡ್ರಿಗೆಸ್‌ನನ್ನೇ ತೆಗೆದುಕೊಳ್ಳಿ. ದಕ್ಷಿಣ ಅಮೆರಿಕದ ದೇಶಗಳ ಟೂರ್ನಿಯಾದ ಕೋಪಾ ಅಮೆರಿಕಕ್ಕೆ 2024ರಲ್ಲಿ ಹೋಗುವ ಮುಂಚೆ ಬ್ರೆಜಿಲ್‌ನ ಸಾವೊ ಪೌಲೊ ಕ್ಲಬ್‌ನಲ್ಲಿ ಅವನಿಗೆ ಸರಿಯಾಗಿ ಆಡಲು ಅವಕಾಶವೇ ಇರಲಿಲ್ಲ. ಕೋಪಾದಲ್ಲಿ 6 ಅಸಿಸ್ಟ್ (ಗೋಲಿಗೆ ದಾರಿ ಮಾಡಿದ ಕೊನೆಯ ಪಾಸ್), ಟೂರ್ನಿಯ ಶ್ರೇಷ್ಠ ಆಟಗಾರ ಪ್ರಶಸ್ತಿ, ತಂಡ ಫೈನಲ್‌ಗೆ. ಕಾಲು ಎರಡೂ ಕಡೆ ಅದೇ. ಬದಲಾದದ್ದು ಸುತ್ತಮುತ್ತ. ಕೊಲಂಬಿಯಾ ತಂಡದಲ್ಲಿ ಅವನ ಹಿಂದೆ ಓಡುವವರು ಬೇರೆ ಇದ್ದರು, ಮುಂದೆ ಲೂಯಿಸ್ ಡಿಯಾಸ್‌ನಂಥ ವೇಗದವನಿದ್ದ, ಫ್ರೀ ಕಿಕ್, ಕಾರ್ನರ್ ಎಲ್ಲ ಅವನದೇ. ಅವನು ಓಡದೆ ನಿಂತ ಕಡೆಗೇ ಚೆಂಡು ತಂದುಕೊಡುವ ವ್ಯವಸ್ಥೆ. ವಾರಕ್ಕೆರಡು ಪಂದ್ಯ, ಎಡೆಬಿಡದೆ ಎದುರಾಳಿಯ ಮೇಲೆ ಮುಗಿಬಿದ್ದು ಚೆಂಡು ಕಸಿಯಬೇಕಾದ ಕ್ಲಬ್‌ನಲ್ಲಿ ಅಂಥ ವ್ಯವಸ್ಥೆ ಯಾರು ಮಾಡಿಕೊಡುತ್ತಾರೆ? ಅಂತಾರಾಷ್ಟ್ರೀಯ ಫಾರ್ಮ್ ಅನ್ನುವುದರಲ್ಲಿ ದೊಡ್ಡ ಪಾಲು ಇದೇ. ಆಟಗಾರನ ಜೊತೆ ಯಾರಿದ್ದಾರೆ, ಅವನಿಂದ ಏನು ಕೇಳುತ್ತಿದ್ದಾರೆ ಅನ್ನುವುದು.

ಇದೇ ಮಾತು ಉಲ್ಟಾ ಕೂಡ ನಿಜ. ಇಂಗ್ಲೆಂಡ್‌ನಲ್ಲಿ ಜೆರಾರ್ಡ್ ಮತ್ತು ಲ್ಯಾಂಪಾರ್ಡ್ ಇಬ್ಬರೂ ತಂತಮ್ಮ ಕ್ಲಬ್‌ಗಳಲ್ಲಿ ರಾಜರು. ಇಬ್ಬರಿಗೂ ಹಿಂದೆ ಕಾವಲಿಗೆ ಒಬ್ಬ ಇದ್ದ, ಮುಂದಕ್ಕೆ ನುಗ್ಗುವುದೇ ಇಬ್ಬರ ಕೆಲಸ. ಇಬ್ಬರನ್ನೂ ಒಟ್ಟಿಗೆ ಇಟ್ಟರೆ ಒಂದೇ ಕೆಲಸಕ್ಕೆ ಇಬ್ಬರು, ಇನ್ನೊಂದು ಕೆಲಸಕ್ಕೆ ಯಾರೂ ಇಲ್ಲ. ಅವರಿಬ್ಬರಿಗೂ ಜಾಗ ಮಾಡಲು ಮಧ್ಯದಲ್ಲಿ ಆಡುವ ಪಾಲ್ ಸ್ಕೋಲ್ಸ್‌ನನ್ನು ಎಡ ಅಂಚಿಗೆ ತಳ್ಳಿದರು. ಅವನು 2004ರ ಯೂರೋ ಆದ ಮೇಲೆ 29ನೇ ವಯಸ್ಸಿಗೇ ದೇಶದ ಆಟ ಸಾಕು ಅಂದುಬಿಟ್ಟ. ಇವತ್ತಿಗೂ ನನಗೆ ಹೊಟ್ಟೆ ಉರಿಯುವ ವಿಷಯ ಇದು.

ಇನ್ನು ಅಂಕಿಅಂಶದ ಗೆಳೆಯ ಪ್ರತಿ ಗುಂಪಿನಲ್ಲೂ ಒಬ್ಬ ಇರುತ್ತಾನೆ, ನಿಮ್ಮಲ್ಲೂ ಇರಬೇಕು. 'ದೇಶಕ್ಕೆ ಕಳೆದ ಹತ್ತು ಪಂದ್ಯದಲ್ಲಿ ಇಷ್ಟು ಗೋಲು' ಅನ್ನುವವನು. ಅವನಿಗೆ ಲುಕಾಕು ಕಥೆ ಹೇಳಿ. 2024ರ ಯೂರೋಗೆ ಅರ್ಹತಾ ಸುತ್ತಿನಲ್ಲಿ ಬೆಲ್ಜಿಯಂ ಪರ ರೊಮೆಲು ಲುಕಾಕು 14 ಗೋಲು ಹೊಡೆದ. ಯೂರೋದ ಒಂದು ಅರ್ಹತಾ ಸುತ್ತಿನಲ್ಲಿ ಅಷ್ಟು ಯಾರೂ ಹೊಡೆದಿರಲಿಲ್ಲ, ದಾಖಲೆ. ಟೂರ್ನಿಗೆ ಹೋದ, ಸೊನ್ನೆ. 'ದೊಡ್ಡ ಟೂರ್ನಿ ಬಂದರೆ ನಡುಗುತ್ತಾನೆ' ಅಂತ ಎಲ್ಲರೂ ಹಣೆಪಟ್ಟಿ ಹಚ್ಚಿದರು. ಆದರೆ ಅವನು ಮೂರು ಸಲ ಚೆಂಡನ್ನು ಬಲೆಗೆ ಹಾಕಿದ್ದ, ಮೂರನ್ನೂ ವೀಡಿಯೊ ನೋಡಿ ರದ್ದು ಮಾಡಿದರು. ಸ್ಲೊವಾಕಿಯಾ ವಿರುದ್ಧ ಒಂದು ಆಫ್‌ಸೈಡ್. ಅದೇ ಪಂದ್ಯದ ಕೊನೆಯಲ್ಲಿ ಇನ್ನೊಂದು ಹೋದದ್ದು ಲುಕಾಕು ತಪ್ಪಿಗಲ್ಲ, ಪಾಸ್ ಕೊಟ್ಟ ಒಪೆಂಡಾನ ಕೈಗೆ ಚೆಂಡು ತಗುಲಿದ್ದನ್ನು ಚೆಂಡಿನ ಒಳಗಿದ್ದ ಸೆನ್ಸರ್ ಹಿಡಿಯಿತು. ರೊಮೇನಿಯಾ ವಿರುದ್ಧ ಮೊಣಕಾಲಿನಷ್ಟು ಅಂತರದ ಆಫ್‌ಸೈಡ್. ಇದರಲ್ಲಿ ಫಾರ್ಮ್ ಎಲ್ಲಿದೆ, ಅದೃಷ್ಟ ಎಲ್ಲಿದೆ, ಬಿಡಿಸಿ ಹೇಳಿ ನೋಡೋಣ. ಅದೇ 2022ರ ವಿಶ್ವಕಪ್‌ನಲ್ಲಿ ಕ್ರೊವೇಷಿಯಾ ವಿರುದ್ಧ ಅವನು ಅರ್ಧದಲ್ಲಿ ಬಂದು ಸಾಲುಸಾಲಾಗಿ ಅವಕಾಶ ಕಳೆದದ್ದು ಬೇರೆ ವಿಷಯ. ಅವತ್ತು ಅವನು ಗಾಯದಿಂದ ಎದ್ದು ಬಂದಿದ್ದ, ಪೂರ್ತಿ ಪಂದ್ಯ ಆಡುವ ಸ್ಥಿತಿಯಲ್ಲೇ ಇರಲಿಲ್ಲ. ಎರಡೂ ಟೂರ್ನಿಯಲ್ಲಿ ಗೋಲು ಸೊನ್ನೆಯೇ, ಕಾರಣ ಮಾತ್ರ ಬೇರೆ ಬೇರೆ.

ದೇಶಕ್ಕೆ ವರ್ಷದಲ್ಲಿ ಆಡುವುದು ಹೆಚ್ಚೆಂದರೆ ಹತ್ತು ಹನ್ನೆರಡು ಪಂದ್ಯ. ಅದರಲ್ಲಿ ಕೆಲವು ಸೌಹಾರ್ದ ಪಂದ್ಯ, ಅರ್ಧ ಆದ ಮೇಲೆ ಆರೇಳು ಜನ ಬದಲಾಗುತ್ತಾರೆ. ಕೆಲವು ತೀರಾ ಸಣ್ಣ ತಂಡಗಳ ವಿರುದ್ಧ. ಉಳಿದದ್ದರಲ್ಲಿ ಪೆನಾಲ್ಟಿ ಗೋಲು ತೆಗೆದುಬಿಡಿ. ಕೈಯಲ್ಲಿ ಉಳಿಯುವುದು ನಾಲ್ಕೈದು ಪಂದ್ಯದ ಲೆಕ್ಕ. ಕ್ಲಬ್‌ನಲ್ಲಿ ಯಾವ ಸ್ಟ್ರೈಕರ್ ಬೇಕಾದರೂ ಐದು ಪಂದ್ಯ ಗೋಲಿಲ್ಲದೆ ಕಳೆಯುತ್ತಾನೆ, ಯಾರೂ ಗಮನಿಸುವುದೂ ಇಲ್ಲ. ದೇಶದ ತಂಡದಲ್ಲಿ ಆ ಐದು ಪಂದ್ಯ ಅಂದರೆ ಐದಾರು ತಿಂಗಳು. ಕೇಳುವವರಿಗೆ 'ಅರ್ಧ ವರ್ಷದಿಂದ ಗೋಲಿಲ್ಲ' ಅಂತ ಭಯಂಕರವಾಗಿ ಕೇಳಿಸುತ್ತದೆ.

ಲೌಟಾರೊ ಮಾರ್ಟಿನೆಸ್ ಇದಕ್ಕೆ ಸಾಕ್ಷಿ. 2022ರ ವಿಶ್ವಕಪ್‌ಗೆ ಅರ್ಜೆಂಟೀನಾದ ಮೊದಲ ಸ್ಟ್ರೈಕರ್ ಅವನೇ. ಸೌದಿ ಅರೇಬಿಯಾ ವಿರುದ್ಧ ಎರಡು ಸಲ ಗೋಲು ಹೊಡೆದ, ಎರಡೂ ಆಫ್‌ಸೈಡ್. ಎರಡು ಪಂದ್ಯ ಆದ ಮೇಲೆ ಜಾಗ ಹೂಲಿಯನ್ ಆಲ್ವರೆಸ್ ಪಾಲಾಯಿತು, ಆಲ್ವರೆಸ್ 4 ಗೋಲು ಹೊಡೆದ, ಲೌಟಾರೊ ಒಂದೂ ಇಲ್ಲ. ಪಾದದ ಕೀಲಿನ ನೋವಿಗೆ ಇಂಜೆಕ್ಷನ್ ತೆಗೆದುಕೊಂಡು ಆಡುತ್ತಿದ್ದ ಅಂತ ಆಗಲೇ ಅವನ ಏಜೆಂಟ್ ಹೇಳಿದ್ದರು, ಯಾರು ಕೇಳುತ್ತಾರೆ? ಆಗ 'ಕ್ಲಬ್‌ಗೆ ಮಾತ್ರ ಹುಲಿ' ಅಂದವರು ಎಷ್ಟೋ ಜನ. ಎರಡು ವರ್ಷ ಬಿಟ್ಟು ಕೋಪಾ ಅಮೆರಿಕದಲ್ಲಿ ಅದೇ ಲೌಟಾರೊ ಹೆಚ್ಚು ಪಂದ್ಯಗಳಲ್ಲಿ ಬದಲಿಯಾಗಿ ಬಂದೇ 5 ಗೋಲು, ಟೂರ್ನಿಯಲ್ಲಿ ಅತಿ ಹೆಚ್ಚು. ಫೈನಲ್‌ನ 112ನೇ ನಿಮಿಷದ ಗೆಲುವಿನ ಗೋಲು ಕೂಡ ಅವನದೇ. ಅರ್ಜೆಂಟೀನಾ ಕೋಚ್ ಸ್ಕಲೋನಿ ಅವರು ಅವನನ್ನು ಮೊದಲ ಹನ್ನೊಂದರಿಂದ ಬಿಟ್ಟರು, ತಂಡದಿಂದ ಬಿಡಲಿಲ್ಲ. ಅಭಿಮಾನಿಗಳ ವಾದದಲ್ಲಿ ಈ ಎರಡೂ ಒಂದೇ ಆಗಿಬಿಡುತ್ತವೆ.

ಅಂದ ಹಾಗೆ ಆ ವ್ಯತ್ಯಾಸ ದೊಡ್ಡದು. 2002ರಿಂದ 2018ರವರೆಗೆ ವಿಶ್ವಕಪ್ ತಂಡ 23 ಜನರದ್ದು, 2022ರಲ್ಲಿ 26 ಆಯಿತು. ಮೂವರು ಗೋಲ್‌ಕೀಪರ್. ಕೊನೆಯ ಐದಾರು ಹೆಸರುಗಳಿಗೆ ಆಡುವ ಅವಕಾಶ ಸಿಕ್ಕರೆ ಸಿಕ್ಕಿತು. ನಾವು ಜಗಳ ಆಡುವುದೇ ಜಾಸ್ತಿ ಈ ಐದಾರು ಹೆಸರುಗಳ ಬಗ್ಗೆ. ಈ ಜಾಗಗಳಿಗೆ ಎರಡು ಥರದವರು ಬೇಕು: ಎರಡು ಮೂರು ಜಾಗದಲ್ಲಿ ಆಡಬಲ್ಲವನು, ಮತ್ತು ಹತ್ತೇ ನಿಮಿಷಕ್ಕೆ ಬಂದು ಒಂದೇ ಒಂದು ಕೆಲಸ ಮಾಡುವವನು. 2024ರ ಯೂರೋ ಸೆಮಿಫೈನಲ್‌ನಲ್ಲಿ ಇಂಗ್ಲೆಂಡ್‌ನ ಓಲಿ ವಾಟ್ಕಿನ್ಸ್ 81ನೇ ನಿಮಿಷದಲ್ಲಿ ಹ್ಯಾರಿ ಕೇನ್ ಬದಲಿಗೆ ಬಂದ. ನಿಗದಿತ ಸಮಯ ಮುಗಿಯುತ್ತಿದ್ದಂತೆ, ತನ್ನ ಜೊತೆಯಲ್ಲೇ ಬದಲಿಯಾಗಿ ಬಂದಿದ್ದ ಕೋಲ್ ಪಾಮರ್ ಕೊಟ್ಟ ಪಾಸ್ ಹಿಡಿದು, ಡಿಫೆಂಡರ್ ಮೈಮೇಲೆ ಇದ್ದಂತೆಯೇ ತಿರುಗಿ ದೂರದ ಕಂಬದ ಒಳಗೆ ಹೊಡೆದ. ಓಟದ ಸ್ಟ್ರೈಕರ್ ಬೇಕು ಅಂತ ಅವನನ್ನು ಇಟ್ಟುಕೊಂಡಿದ್ದೇ ಆ ಹತ್ತು ನಿಮಿಷಕ್ಕೆ. ಇದಕ್ಕೆ ತದ್ವಿರುದ್ಧ 2006. ಆರ್ಸೆನಲ್ ಪರ ಇನ್ನೂ ಒಂದು ಪ್ರೀಮಿಯರ್ ಲೀಗ್ ಪಂದ್ಯವನ್ನೂ ಆಡಿರದ 17 ವರ್ಷದ ಥಿಯೊ ವಾಲ್ಕಾಟ್‌ನನ್ನು ಆಗಿನ ಇಂಗ್ಲೆಂಡ್ ಕೋಚ್ ಎರಿಕ್ಸನ್ ಅವರು ವಿಶ್ವಕಪ್‌ಗೆ ಕರೆದುಕೊಂಡು ಹೋದರು. ಸ್ಟ್ರೈಕರ್‌ಗಳು ನಾಲ್ವರೇ, ಅದರಲ್ಲಿ ರೂನಿ ಪಾದದ ಮೂಳೆ ಮುರಿದುಕೊಂಡು ಚೇತರಿಸಿಕೊಳ್ಳುತ್ತಿದ್ದ. ಸ್ವೀಡನ್ ವಿರುದ್ಧ ಮೊದಲ ನಿಮಿಷದಲ್ಲೇ ಓವೆನ್ ಮಂಡಿ ಹಿಡಿದುಕೊಂಡು ಹೊರಬಿದ್ದ. ಅಷ್ಟಾದರೂ ವಾಲ್ಕಾಟ್‌ಗೆ ಒಂದು ನಿಮಿಷ ಆಟ ಸಿಗಲಿಲ್ಲ. ಕೋಚ್‌ಗೇ ನಂಬಿಕೆ ಇಲ್ಲದವನನ್ನು ಕರೆದುಕೊಂಡು ಹೋಗಿದ್ದು ಯಾಕೆ? ಅದಕ್ಕೆ ನನ್ನ ಬಳಿ ಸಮರ್ಥನೆ ಇಲ್ಲ.

ಇನ್ನೊಂದು ಎಚ್ಚರಿಕೆ. ಫಲಿತಾಂಶ ನೋಡಿ ಆಯ್ಕೆಯನ್ನು ಅಳೆಯಬೇಡಿ. 2002ರ ವಿಶ್ವಕಪ್‌ಗೆ ಬ್ರೆಜಿಲ್ ಕೋಚ್ ಸ್ಕೊಲಾರಿ ಅವರು ದೇಶವೇ ಕೇಳುತ್ತಿದ್ದ ರೊಮಾರಿಯೊನನ್ನು ಬಿಟ್ಟು, ಮಂಡಿ ಶಸ್ತ್ರಚಿಕಿತ್ಸೆಯಿಂದ ಆಗಷ್ಟೇ ವಾಪಸಾಗಿದ್ದ ರೊನಾಲ್ಡೊನನ್ನು ಕರೆದುಕೊಂಡು ಹೋದರು. 8 ಗೋಲು, ಕಪ್. 1982ರಲ್ಲಿ ಇಟಲಿಯ ಬೆಯಾರ್ಜೊಟ್ ಅವರು ಲೀಗ್‌ನ ಅಗ್ರ ಗೋಲುಗಾರ ಪ್ರುಟ್ಸೊನನ್ನು ಬಿಟ್ಟು, ಎರಡು ವರ್ಷದ ನಿಷೇಧ ಮುಗಿಸಿ ಬಂದು ಮೂರೇ ಲೀಗ್ ಪಂದ್ಯ ಆಡಿದ್ದ ಪಾವೊಲೊ ರೊಸ್ಸಿಯನ್ನು ಆರಿಸಿದರು. ಮೊದಲ ನಾಲ್ಕು ಪಂದ್ಯ ಅವನು ಏನೂ ಮಾಡಲಿಲ್ಲ. ಐದನೆಯದರಲ್ಲಿ ಬ್ರೆಜಿಲ್ ವಿರುದ್ಧ 3, ಸೆಮಿಫೈನಲ್‌ನಲ್ಲಿ 2, ಫೈನಲ್‌ನಲ್ಲಿ 1. ಆ ಐದನೆಯ ಪಂದ್ಯಕ್ಕೆ ಮುಂಚೆ ಇಟಲಿ ಮನೆಗೆ ಹೋಗಿದ್ದರೆ ಬೆಯಾರ್ಜೊಟ್ ಅವರನ್ನು ಇವತ್ತು ಯಾರೂ ಜಾಣ ಅನ್ನುತ್ತಿರಲಿಲ್ಲ. ಸ್ಪೇನ್‌ನ ಅರಗೋನೆಸ್ ಅವರು ರೌಲ್‌ನನ್ನು ಬಿಟ್ಟು 2008ರ ಯೂರೋ ಗೆದ್ದರು, ಧೈರ್ಯವಂತ ಅನ್ನಿಸಿಕೊಂಡರು. ಜರ್ಮನಿಯ ಲೋವ್ ಅವರು 2018ರ ವಿಶ್ವಕಪ್‌ನಲ್ಲಿ ಲೆರಾಯ್ ಸಾನೆಯನ್ನು ಬಿಟ್ಟು ಗುಂಪಿನ ಹಂತದಲ್ಲೇ ಹೊರಬಿದ್ದರು, ಮೂರ್ಖ ಅನ್ನಿಸಿಕೊಂಡರು. ಸಾನೆ ಇದ್ದಿದ್ದರೆ ದಕ್ಷಿಣ ಕೊರಿಯಾ ವಿರುದ್ಧ ಗೆಲ್ಲುತ್ತಿದ್ದರಾ? ಯಾರಿಗೂ ಗೊತ್ತಾಗುವ ವಿಷಯ ಅಲ್ಲ ಅದು. ಆಯ್ಕೆಯನ್ನು ಟೂರ್ನಿಗೆ ಮುಂಚೆ ತೂಗಿ, ನಿಮ್ಮ ಅಭಿಪ್ರಾಯ ಆಗಲೇ ಬರೆದಿಡಿ.

ಕ್ಲಬ್ ಅಭಿಮಾನದ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಎಲ್ಲರಿಗೂ ಗೊತ್ತಿರುವ ಕಾಯಿಲೆ. 2021ರಲ್ಲಿ ಆಡಿದ ಯೂರೋಗೆ ಲೂಯಿಸ್ ಎನ್ರಿಕೆ ಅವರು ಸ್ಪೇನ್ ತಂಡದಲ್ಲಿ ರಿಯಲ್ ಮ್ಯಾಡ್ರಿಡ್‌ನ ಒಬ್ಬನನ್ನೂ ಸೇರಿಸಲಿಲ್ಲ. 26 ಜನಕ್ಕೆ ಅವಕಾಶ ಇದ್ದರೂ 24 ಜನರನ್ನೇ ಕರೆದರು. ಅವರು ಮ್ಯಾಡ್ರಿಡ್‌ನ ಬದ್ಧ ಎದುರಾಳಿ ಬಾರ್ಸಿಲೋನಾದ ಹಳೆಯ ಕೋಚ್ ಬೇರೆ, ಮ್ಯಾಡ್ರಿಡ್ ಅಭಿಮಾನಿಗಳ ಸಿಟ್ಟು ಕೇಳಬೇಕೇ? ತಂಡ ಸೆಮಿಫೈನಲ್‌ವರೆಗೆ ಹೋಗಿ ಪೆನಾಲ್ಟಿಯಲ್ಲಿ ಇಟಲಿಗೆ ಸೋತಿತು. ಗೆಳೆಯರಲ್ಲಿ ಯಾರಾದರೂ ಆಟಗಾರನ ಪರ ವಾದಿಸುವಾಗ, ಅವನು ಎದುರಾಳಿ ಕ್ಲಬ್‌ನಲ್ಲಿದ್ದರೂ ಇದೇ ಮಾತು ಹೇಳುತ್ತಿದ್ದೆಯಾ ಅಂತ ಒಮ್ಮೆ ಕೇಳಿ ನೋಡಿ.

ಹಾಗಾದರೆ ಕೋಚ್ ನಿಜವಾಗಲೂ ತಪ್ಪು ಮಾಡುವುದು ಯಾವಾಗ? ನಾನು ಎರಡು ಕಡೆ ನೋಡುತ್ತೇನೆ. ಒಂದು, ಒಂದು ಕೆಲಸಕ್ಕೆ ಜನವೇ ಇಲ್ಲದಿದ್ದಾಗ. 2024ರ ಯೂರೋಗೆ ಆಗಿನ ಇಂಗ್ಲೆಂಡ್ ಕೋಚ್ ಸೌತ್‌ಗೇಟ್ ಅವರು ಎಡ ಭಾಗದ ಡಿಫೆಂಡರ್ ಅಂತ ಕರೆದದ್ದು ಲ್ಯೂಕ್ ಶಾ ಒಬ್ಬನನ್ನೇ. ಅವನು ಫೆಬ್ರುವರಿಯಿಂದ ಪಂದ್ಯ ಆಡಿರಲಿಲ್ಲ, ಮೈದಾನಕ್ಕೆ ಇಳಿದದ್ದು ಕ್ವಾರ್ಟರ್ ಫೈನಲ್‌ನಲ್ಲಿ. ಅಲ್ಲಿಯವರೆಗೆ ಬಲಗಾಲಿನ ಟ್ರಿಪಿಯರ್ ಎಡ ಅಂಚಿನಲ್ಲಿ. ಚೆಂಡು ಸಿಕ್ಕಾಗಲೆಲ್ಲ ಅವನು ನಿಂತು, ಬಲಗಾಲಿಗೆ ತಂದುಕೊಂಡು, ಒಳಗೆ ತಿರುಗುತ್ತಿದ್ದ. ಅಷ್ಟರಲ್ಲಿ ಎದುರಾಳಿಗಳು ಸಾಲಾಗಿ ನಿಂತುಬಿಡುತ್ತಿದ್ದರು. ತಂಡ ಫೈನಲ್‌ವರೆಗೆ ಹೋಯಿತು ನಿಜ, ಆದರೂ ಆ ಆಯ್ಕೆ ತಪ್ಪು ಅಂತಲೇ ಹೇಳುತ್ತೇನೆ.

ಇನ್ನೊಂದು, ಆಟಗಾರನ ಕೆಲಸ ತೀರಿಹೋದ ಮೇಲೂ ಹೆಸರು ಉಳಿದಾಗ. 'ಅಂತಾರಾಷ್ಟ್ರೀಯ ಫಾರ್ಮ್' ನೆಪ ಆಗುವುದು ಇಲ್ಲೇ. ಬೆಂಚ್‌ನಿಂದ ಬಂದವನನ್ನು ಕರೆದಾಗ ಅವನು ದೇಶಕ್ಕೆ ಕೊನೆಯ ಸಲ ಬಲವಾದ ತಂಡದ ವಿರುದ್ಧ ಪೂರ್ತಿ ಪಂದ್ಯ ಚೆನ್ನಾಗಿ ಆಡಿದ್ದು ಯಾವಾಗ ಅಂತ ನೋಡಿ. ಕಳೆದ ಒಂದು ವರ್ಷದೊಳಗಿದ್ದರೆ ಕೋಚ್ ಮಾತಿನಲ್ಲಿ ತೂಕ ಇದೆ. ಎರಡು ವರ್ಷದ ಹಿಂದಿನ ಟೂರ್ನಿಯ ಹೆಸರು ಹೇಳಿದರೆ ಇಲ್ಲ. ಕ್ಲಬ್‌ನಲ್ಲಿ ಬೆಂಚ್ ಯಾಕೆ ಅನ್ನುವುದನ್ನೂ ನೋಡಬೇಕು. ಹೊಸ ಕೋಚ್ ಬೇರೆ ಥರ ಆಡಿಸುತ್ತಿದ್ದಾರೆ ಅಂತಾದರೆ ಚಿಂತೆ ಇಲ್ಲ. ಕಾಲು ಓಡುತ್ತಿಲ್ಲ ಅಂತಾದರೆ ದೇಶದ ಜೆರ್ಸಿ ಹಾಕಿದ ಕೂಡಲೇ ಅದು ಓಡುವುದಿಲ್ಲ.